ವಿಯೆನ್ನಾ ನಗರದ ವಾಚನ ಮತ್ತು ವ್ಯಾಖ್ಯಾನ

ವಿಯೆನ್ನಾ ನಗರದ ನಟ್ಟನಡುವೆ ಮಿಖಾಯೆಲರ್‌ಪ್ಲಾಟ್ಸ್ ಎಂಬ ಚಿಕ್ಕದೊಂದು ಚೌಕವುಂಟು. ಅದರ ಮಧ್ಯದಲ್ಲಿ ನಿಂತು ಒಂದು ಸುತ್ತು ತಿರುಗಿದವನಿಗೆ ಹದಿನೆಂಟು ಶತಮಾನಗಳಿಗೂ ಮಿಕ್ಕ ಚರಿತ್ರೆ ಕಣ್ಣಿಗೆ ಬೀಳುವುದು. ಕಾಲ ಬುಡದಲ್ಲಿಯೇ ಅಗೆದು ತೆರೆದಿಟ್ಟಿರುವ ಹೊಂಡದೊಳಗೆ, ವಿಂದೋಬೋನವೆಂಬ ರೋಮನ್ ದಂಡಿನ ಪಾಳೆಯದ ಹೊರವಲಯದಲ್ಲಿ ಜನ ವಾಸಿಸುತ್ತಿದ್ದ ಮನೆಗಳ ಗೋಡೆಗಳು. ಒಂದು ಪಾರ್ಶ್ವದಲ್ಲಿ, ಹದಿಮೂರನೆಯ ಶತಮಾನದಲ್ಲಿ ಮೊದಲಾಗಿ 1792ರಲ್ಲಿ ಈಗಿನ ಮುಖವನ್ನು ಪಡೆದ ಸಂತ ಮೈಕೇಲನ ಇಗರ್ಜಿ. ಮತ್ತೊಂದು ಪಾರ್ಶ್ವದಲ್ಲಿ, ಹದಿನೆಂಟನೆಯ ಶತಮಾನದ ನಕಾಶೆಯಂತೆ ಆರಂಭವಾಗಿ 1893ರಲ್ಲಷ್ಟೇ ಮುಗಿದ, ಹಸಿರು ಗುಮ್ಮಟವನ್ನು ಹೊತ್ತ ಹೋಫ್‌ಬುರ್ಗ್ ಅರಮನೆಯ ಹೆಬ್ಬಾಗಿಲು. ಅದಕ್ಕೆ ಇದಿರಾಗಿ, ಆಡೋಲ್ಫ್ ಲೋಸ್ ಎಂಬ ವಾಸ್ತುಶಿಲ್ಪಿ 1911ರ ಹೊತ್ತಿಗೆ ಕಟ್ಟಿ ಮುಗಿಸಿದ, ಮೇಲಿನ ಅಂತಸ್ತುಗಳಲ್ಲಿ ಒಂದು ಎಲೆಯನ್ನಾಗಲಿ ಒಂದು ಹೂವನ್ನಾಗಲಿ ಕಂಡರಿಸದ ಬೋಳುಗೋಡೆಯ ಕಟ್ಟಡ. ಯುರೋಪಿನ ವಾಸ್ತುಕಲೆಯ ವಾದವಿವಾದಗಳೆಲ್ಲವೂ ಒಂದೇ ಅಂಗಳದಲ್ಲಿ ಮುಖಾಮುಖಿಯಾಗಿ ನಿಂತಿರುವ ಇಂತಹ ಸ್ಥಳ ನನಗೆ ತಿಳಿದಮಟ್ಟಿಗೆ ವಿರಳ.

ಇಪ್ಪತ್ತೆರಡು ಮಂದಿಯ ನಮ್ಮ ತಂಡಕ್ಕೆ ಆ ಚೌಕದಲ್ಲಿ ದೊರೆತದ್ದು ಹದಿನೈದು ನಿಮಿಷ. ಕಿವಿಗೆ ಸಿಕ್ಕಿಸಿದ ಪುಟ್ಟ ಯಂತ್ರದ ಮೂಲಕ ನಮ್ಮ ಮಾರ್ಗದರ್ಶಿಯಾದ ಮಹಿಳೆ ಸಾಮ್ರಾಜ್ಯದ ಕಥೆಯನ್ನು ಸ್ಪಷ್ಟವಾಗಿ ಹೇಳಿದರು. ಲೋಸನ ಕಟ್ಟಡದ ಕಿಟಕಿಗಳಿಗೆ ಮೇಲುಕಟ್ಟಿನ ಅಲಂಕಾರವಿಲ್ಲದ್ದರಿಂದ ಜನ ಅದನ್ನು ಹುಬ್ಬಿಲ್ಲದ ಮನೆಯೆಂದು ಕರೆದರೆಂದೂ, ವೃದ್ಧ ಚಕ್ರವರ್ತಿ ಫ್ರಾನ್ಸ್ ಜೋಸೆಫನು ಅದನ್ನು ನೋಡಲಾರದೆ ಅರಮನೆಯ ಆ ಕಡೆಯ ಕಿಟಕಿಗಳ ಪರದೆಗಳನ್ನು ಎಳೆಯಿಸಿದನೆಂಬ ಪ್ರತೀತಿಯುಂಟೆಂದೂ ಅವರು ಹೇಳಿದಾಗ ಎಲ್ಲರೂ ನಕ್ಕರು. ನಕ್ಕವರು ಹೆಬ್ಬಾಗಿಲಿನ ಕಡೆಗೆ ತಿರುಗಿ ಫೋಟೋ ತೆಗೆಸಿಕೊಂಡರು. ಅಷ್ಟರಲ್ಲಿ ಮಾರ್ಗದರ್ಶಿಯ ಕೈಯ ಬಣ್ಣದ ಕೊಡೆ ಮೇಲೆದ್ದಿತು, ನಾವು ಅದರ ಹಿಂದೆ ನಡೆದೆವು. ಚಕ್ರವರ್ತಿ ಆ ಕಟ್ಟಡವನ್ನು ನೋಡಲಿಲ್ಲವೆಂಬ ಕಥೆಯನ್ನು ಕೇಳಿದ ನಮ್ಮಲ್ಲಿ ಒಬ್ಬರೂ ಆ ಕಟ್ಟಡವನ್ನು ನೋಡಲಿಲ್ಲ. ನಾನೂ ನೋಡಲಿಲ್ಲ. ಈ ಸಂಗತಿ ನನ್ನ ಅರಿವಿಗೆ ಬಂದುದು ರಾತ್ರಿ ಕೊಠಡಿಗೆ ಮರಳಿದ ಮೇಲೆ. ಆ ಗೋಡೆಯ ಬಣ್ಣ ಯಾವುದೆಂದು ನೆನಪಿಸಿಕೊಳ್ಳಲು ಎಷ್ಟು ಪ್ರಯತ್ನಿಸಿದರೂ ನನ್ನಿಂದಾಗಲಿಲ್ಲ.

ಇಂತಹ ಅನುಭವಗಳನ್ನು ಮುಂದಿಟ್ಟುಕೊಂಡೇ ವಿಚಾರವಂತರಾದ ಅನೇಕರು ತಂಡ ಕಟ್ಟಿಕೊಂಡು ಹೋಗುವ ಪ್ರವಾಸವನ್ನು ಹಳಿಯುತ್ತಾರೆ. ಕಲೆಯ ದರ್ಶನವು ಏಕಾಂತದ ವಿಷಯ, ಹಿಂಡಿನಲ್ಲಿ ಹೋದವನಿಗೆ ಅದು ದಕ್ಕುವುದಿಲ್ಲ, ನಿಜವಾದ ಯಾತ್ರಿಕನು ಒಬ್ಬನೇ ಅಲೆಯಬೇಕು ಎಂಬುದು ಅವರ ಮತ. ಈ ಮತವನ್ನು ನಾನು ಒಪ್ಪಲಾರೆ. ಮೊದಲನೆಯದಾಗಿ, ಅಪರಿಚಿತ ಭಾಷೆಯ ದೂರದ ನಗರವೊಂದರಲ್ಲಿ ಒಂಟಿಯಾಗಿ ಅಲೆಯುವ ಸ್ವಾತಂತ್ರ್ಯವು ಹಣ, ಆರೋಗ್ಯ, ಪ್ರಾಯ, ಭಾಷೆ ಇವೆಲ್ಲವೂ ಕೂಡಿಬಂದ ಕೆಲವರ ಸೊತ್ತು. ಎಪ್ಪತ್ತು ದಾಟಿದ ವಿಧವೆಯೊಬ್ಬರು, ಆಯುಷ್ಯವೆಲ್ಲ ಸಣ್ಣ ಊರಿನ ಶಾಲೆಯಲ್ಲಿ ಪಾಠ ಹೇಳಿದ ಮೇಷ್ಟರೊಬ್ಬರು ವಿಯೆನ್ನಾವನ್ನು ಕಾಣುವುದಿದ್ದರೆ ಹೀಗೆಯೇ ಕಾಣಬೇಕು. 1841ರ ಜುಲೈ 5ರಂದು ಥಾಮಸ್ ಕುಕ್ ಎಂಬ ಇಂಗ್ಲೆಂಡಿನ ಪಾನನಿರೋಧ ಪ್ರಚಾರಕನು ಸುಮಾರು ಐನೂರು ಜನರನ್ನು ತಲೆಗೊಂದು ಷಿಲಿಂಗಿನಂತೆ ಲೆಸ್ಟರಿನಿಂದ ಲಫ್‌ಬರೋವಿಗೆ ರೈಲಿನಲ್ಲಿ ಕರೆದೊಯ್ದಾಗ ಸಂಭವಿಸಿದ್ದು ಕೇವಲ ಒಂದು ವ್ಯಾಪಾರದ ಹುಟ್ಟಲ್ಲ. ಅದಕ್ಕೆ ಹಿಂದೆ ಶ್ರೀಮಂತರ ಮಕ್ಕಳು ಮಾತ್ರ ಖಾಸಗಿ ಉಪಾಧ್ಯಾಯರನ್ನು ಜೊತೆಗಿಟ್ಟುಕೊಂಡು ವರ್ಷಗಟ್ಟಲೆ ರೋಮ್, ಫ್ಲಾರೆನ್ಸುಗಳನ್ನು ಸುತ್ತಿ ಬರುತ್ತಿದ್ದರು, ಅವರಿಗೂ ಮಾರ್ಗದರ್ಶಿಗಳಿದ್ದರು. ಇಟಲಿಯಲ್ಲಿ ಆ ಮಾರ್ಗದರ್ಶಿಗಳಿಗೆ ಮಹಾವಾಗ್ಮಿಯಾದ ಸಿಸೆರೋವಿನ ಹೆಸರಿನಿಂದಲೇ ‘ಚಿಚೆರೋನೆ’ ಎಂಬ ಸಂಜ್ಞೆ ಬಂದಿತು. ಆದುದರಿಂದ ಮಾರ್ಗದರ್ಶಿಯ ನೆರವು ಪಡೆಯುವುದು ಪಾಮರರ ಪದ್ಧತಿಯೆಂದು ಹೇಳುವವರು ಪಂಡಿತರ ಇತಿಹಾಸವನ್ನೇ ಮರೆತಂತಾಗುವುದು.

ಎರಡನೆಯ ಕಾರಣ ಇದಕ್ಕಿಂತ ಮುಖ್ಯವಾದುದು. ಅದನ್ನು ಹೇಳಲೆಂದೇ ಈ ಬರಹ. ಹಲವರು ಕೂಡಿ ಕುಳಿತು ಒಂದು ಕೃತಿಯನ್ನು ಸವಿಯುವ ರೀತಿ ನಮಗೆ ಹೊಸದಲ್ಲ. ಗಮಕದ ಗೋಷ್ಠಿಯಲ್ಲಿ ವಾಚನಕಾರರು ಮೊದಲು ಪದ್ಯವನ್ನು ರಾಗವಾಗಿ ಓದುತ್ತಾರೆ. ಪದ್ಯ ಕಿವಿಯೊಳಗಿಳಿದು ನಿಂತ ಮೇಲೆ ವ್ಯಾಖ್ಯಾನಕಾರರು ಬಾಯಿ ತೆರೆಯುತ್ತಾರೆ. ಈ ಅನುಕ್ರಮದಲ್ಲಿ ಅಡಗಿರುವ ವಿವೇಕ ಬಹಳ ದೊಡ್ಡದು. ಪದ್ಯವನ್ನೇ ಓದದೆ ವ್ಯಾಖ್ಯಾನವನ್ನಷ್ಟೇ ಮಾಡಿ ಎದ್ದುಹೋಗುವ ಗೋಷ್ಠಿಯನ್ನು ಯಾರಾದರೂ ನಡೆಸಿದರೆ ಸಭಿಕರು ಸಹಿಸುವರೇ? ಆದರೆ ಯುರೋಪಿನ ನಗರಗಳಲ್ಲಿ ನಮ್ಮ ತಂಡಗಳಿಗೆ ಪ್ರತಿದಿನವೂ ನಡೆಯುತ್ತಿರುವುದು ಇದೇ. ಚಿತ್ರವು ಪದ್ಯ, ಕಟ್ಟಡವು ಪದ್ಯ. ಅದನ್ನು ವಾಚಿಸತಕ್ಕದ್ದು ನಮ್ಮ ಕಣ್ಣು. ವಾಚನಕ್ಕೆ ಎಡೆಗೊಡದೆ ವ್ಯಾಖ್ಯಾನವು ಕಿವಿಯಲ್ಲಿ ಒಂದೇ ಸಮನೆ ಸುರಿಯುತ್ತಿದ್ದರೆ ನಾವು ಕೇಳಿ ಬಂದವರಾಗುತ್ತೇವೆಯೇ ಹೊರತು ಕಂಡು ಬಂದವರಾಗುವುದಿಲ್ಲ. ದೋಷವಿರುವುದು ತಂಡದಲ್ಲಲ್ಲ, ಮಾರ್ಗದರ್ಶಿಯಲ್ಲಿಯೂ ಅಲ್ಲ, ಅನುಕ್ರಮದಲ್ಲಿ.

ಅನುಕ್ರಮ ಸರಿಯಾದರೆ ಏನಾಗುವುದೆಂಬುದನ್ನು ಒಂದು ಆಕಸ್ಮಿಕದಿಂದ ನಾವು ಕಂಡೆವು. ವಿಯೆನ್ನಾದ ಕಲಾ-ಇತಿಹಾಸ ಸಂಗ್ರಹಾಲಯ, ಗಾಟ್‌ಫ್ರೀಡ್ ಸೆಂಪರ್ ಮತ್ತು ಕಾರ್ಲ್ ಫಾನ್ ಹಾಸೆನವರ್ ಎಂಬವರ ಯೋಜನೆಯಂತೆ ನಿರ್ಮಿತವಾಗಿ 1891ರಲ್ಲಿ ಬಾಗಿಲು ತೆರೆದ ಆ ಭವ್ಯಭವನ, ನಮ್ಮ ಕಾರ್ಯಕ್ರಮಪಟ್ಟಿಯಲ್ಲಿ ನಲವತ್ತು ನಿಮಿಷದ ಅಂಕಣವೊಂದನ್ನು ಪಡೆದಿತ್ತು. ನಲವತ್ತು ನಿಮಿಷ ಮುಗಿದು, ಮೆಟ್ಟಿಲುಗಳ ಮೇಲ್ಗಡೆ ಕಂಬಗಳ ಸಂದಿಯಲ್ಲಿ ತರುಣ ಕ್ಲಿಮ್ಟ್ ಬರೆದ ಚಿತ್ರಗಳನ್ನು ಕತ್ತೆತ್ತಿ ನೋಡುತ್ತ ನಾವು ಇಳಿಯುತ್ತಿದ್ದಾಗ ಬಸ್ಸು ಕೆಟ್ಟುನಿಂತಿರುವ ಸುದ್ದಿ ಬಂದಿತು. ಬೇರೆ ಬಸ್ಸು ಬರಲು ಎರಡು ಗಂಟೆ ಬೇಕು. ಕೆಲವರು ಸಿಟ್ಟಾದರು. ಮಾರ್ಗದರ್ಶಿ ಸ್ವಲ್ಪ ಯೋಚಿಸಿ ನಮ್ಮನ್ನು ಮತ್ತೆ ಮೇಲಕ್ಕೆ ಕರೆದೊಯ್ದು ಪೀಟರ್ ಬ್ರೂಗೆಲನ ಕೊಠಡಿಯ ಬೆಂಚುಗಳ ಮೇಲೆ ಕೂರಿಸಿದರು. ಕಿವಿಯ ಯಂತ್ರಗಳನ್ನು ತೆಗೆದಿಡಿರೆಂದರು. ಹದಿನಾರನೆಯ ಶತಮಾನದ ಈ ಫ್ಲೆಮಿಷ್ ಚಿತ್ರಕಾರನ ಹನ್ನೆರಡು ಕೃತಿಗಳು ಆ ಸಂಗ್ರಹಾಲಯದಲ್ಲಿವೆ. ಜಗತ್ತಿನ ಇನ್ನಾವ ಸ್ಥಳದಲ್ಲಿಯೂ ಅಷ್ಟಿಲ್ಲ. “ಈಗ ನಾನು ಮಾತಾಡುವುದಿಲ್ಲ. ನಿಮಗೆ ಏನು ಕಾಣುತ್ತದೆ ಎಂದು ನೀವೇ ನನಗೆ ಹೇಳಿ” ಎಂದು ಹೇಳಿ ಆಕೆ ನಮ್ಮ ನಡುವೆಯೇ ಕುಳಿತುಬಿಟ್ಟರು.

ಮೊದಲಿನ ಹತ್ತು ನಿಮಿಷ ಯಾರೂ ಮಾತನಾಡಲಿಲ್ಲ. ಆಮೇಲೆ ‘ರೈತರ ಮದುವೆ’ಯ ಚಿತ್ರದ ಮುಂದೆ ಕುಳಿತಿದ್ದ ತೀರ್ಥಹಳ್ಳಿ ಕಡೆಯ ಹಿರಿಯರೊಬ್ಬರು, ನೂರಾರು ಮದುವೆಗಳಲ್ಲಿ ಪಂಕ್ತಿಗೆ ನಿಂತು ಬಡಿಸಿದ ಗೃಹಿಣಿ, ತಮಗೆ ತಾವೇ ಎಂಬಂತೆ, “ಇದು ಹಲಗೆ ಅಲ್ಲ ಕಣ್ರೀ, ಬಾಗಿಲಿನ ಕದ. ಕದ ಕಳಚಿ ಅದರ ಮೇಲೆ ಬಟ್ಟಲು ಇಟ್ಟುಕೊಂಡು ಬರ್ತಿದಾರೆ. ಜನ ಜಾಸ್ತಿ ಆದಾಗ ನಮ್ಮಲ್ಲೂ ಹೀಗೇ, ಕೈಗೆ ಸಿಕ್ಕಿದ್ದರಲ್ಲಿ ಸಾಗಿಸ್ತೀವಿ” ಎಂದರು. ಅವರ ಮಾತು ಮುಗಿಯುವುದರೊಳಗೆ ಎಲ್ಲರ ದೃಷ್ಟಿಯೂ ಅತ್ತ ಹರಿಯಿತು. ನಿಜವೇ, ಇಬ್ಬರು ಆಳುಗಳು ಹೊತ್ತಿರುವುದು ಕೀಲಿನಿಂದ ಬಿಡಿಸಿದ ಕದ, ಮೇಜಿನ ತುದಿಯಲ್ಲಿ ಕುಳಿತವನು ಹಿಂದಕ್ಕೆ ತಿರುಗಿ ಅದರ ಮೇಲಿನ ಗಂಜಿಯ ಬಟ್ಟಲುಗಳನ್ನು ಎತ್ತಿ ಮುಂದಕ್ಕೆ ದಾಟಿಸುತ್ತಿದ್ದಾನೆ, ಕೆಳಗೆ ನೆಲದ ಮೇಲೆ ದೊಡ್ಡದೊಂದು ಟೋಪಿಯೊಳಗೆ ಮುಖ ಮುಳುಗಿದ ಮಗು ಬೆರಳು ಚೀಪುತ್ತ ಬಟ್ಟಲನ್ನು ಬಳಿಯುತ್ತಿದೆ, ವಾದ್ಯ ಹಿಡಿದವನು ಊದುವುದನ್ನು ಮರೆತು ಊಟದ ಕಡೆಗೆ ಕಣ್ಣಿಟ್ಟಿದ್ದಾನೆ. ಹಸಿರು ಬಟ್ಟೆಯ ಮುಂದೆ ಕುಳಿತ ಮದುಮಗಳು ಕೈಕಟ್ಟಿ ಕಣ್ಣು ತಗ್ಗಿಸಿದ್ದಾಳೆ. ಮದುಮಗನೆಲ್ಲಿ? ಈ ಪ್ರಶ್ನೆಯನ್ನು ಕೇಳಿದವರು ಯಾರೋ ತಿಳಿಯದು, ಅರ್ಧ ಗಂಟೆಯ ಕಾಲ ನಾವೆಲ್ಲರೂ ಆ ಚಿತ್ರದಲ್ಲಿ ಮದುಮಗನನ್ನು ಹುಡುಕಿದೆವು. ಒಬ್ಬರು ಸುರೆ ಬಗ್ಗಿಸುತ್ತಿರುವವನೇ ಅವನೆಂದರು, ಇನ್ನೊಬ್ಬರು ಬಡಿಸುತ್ತಿರುವವರಲ್ಲಿಯೇ ಅವನಿದ್ದಾನೆಂದರು. ವಿದ್ವಾಂಸರಲ್ಲಿಯೂ ಈ ವಿಷಯದಲ್ಲಿ ಒಮ್ಮತವಿಲ್ಲವೆಂದು ಮಾರ್ಗದರ್ಶಿ ತಿಳಿಸಿದ್ದು ನಮ್ಮ ಹುಡುಕಾಟವೆಲ್ಲ ಮುಗಿದ ಮೇಲೆ. ಆ ಮಾತನ್ನು ಅವರು ಮೊದಲೇ ಹೇಳಿದ್ದರೆ ನಾವು ಹುಡುಕುತ್ತಲೇ ಇರಲಿಲ್ಲ.

‘ಹಿಮದಲ್ಲಿ ಬೇಟೆಗಾರರು’ ಎಂಬ 1565ರ ಚಿತ್ರದ ಮುಂದೆ ಕೊಡಗಿನ ಕಾಫಿ ಬೆಳೆಗಾರರೊಬ್ಬರು ಬಹಳ ಹೊತ್ತು ನಿಂತಿದ್ದರು. ನನ್ನ ಕಣ್ಣಿಗೆ ಅದು ಬರಿಯ ಚಳಿಗಾಲದ ರಮಣೀಯ ದೃಶ್ಯವಾಗಿತ್ತು: ಹಿಮ, ಬೋಳುಮರಗಳು, ಹಾರುವ ಹಕ್ಕಿ, ಕಣಿವೆಯಲ್ಲಿ ಹೆಪ್ಪುಗಟ್ಟಿದ ಕೆರೆಗಳ ಮೇಲೆ ಜಾರಿ ಆಡುವ ಜನ. ಅವರು ಹೇಳಿದರು: “ಇವರಿಗೆ ಏನೂ ಸಿಕ್ಕಿಲ್ಲ. ಇಷ್ಟು ನಾಯಿ, ಮೂರು ಜನ, ಒಂದೇ ಒಂದು ನರಿ. ನಾಯಿಗಳನ್ನು ನೋಡಿ, ತಲೆ ಎತ್ತಿದ ನಾಯಿ ಇದೆಯಾ? ಬರಿಗೈಯಲ್ಲಿ ಮನೆಗೆ ಬರುವಾಗ ನಾಯಿಗೂ ಗೊತ್ತಾಗುತ್ತೆ.” ಅವರ ಈ ಮಾತಿನಿಂದ ಇಡೀ ಚಿತ್ರದ ಭಾವವೇ ನನ್ನ ಪಾಲಿಗೆ ಬದಲಾಯಿತು. ಬೆನ್ನು ತೋರಿಸಿ ಇಳಿಯುತ್ತಿರುವ ಆ ಮೂವರ ಭುಜಗಳ ಬಾಗು, ಎಡಗಡೆ ಒಂದೇ ಕೊಕ್ಕೆಯಿಂದ ಜೋಲುತ್ತಿರುವ ಛತ್ರದ ಫಲಕ, ಅದರ ಕೆಳಗೆ ಚಳಿಗಾಳಿಯಲ್ಲಿ ಹೊರಳುವ ಬೆಂಕಿ, ಇವೆಲ್ಲವೂ ಒಂದು ದಣಿವಿನ ಸೂತ್ರದಲ್ಲಿ ಪೋಣಿಸಿದಂತೆ ತೋರಿದವು. ದೂರದ ಆಟದ ಸಂಭ್ರಮವು ಆ ದಣಿವಿಗೆ ಇನ್ನಷ್ಟು ಆಳವನ್ನು ಕೊಟ್ಟಿತು. ಇದಾದ ಬಳಿಕ ಮಾರ್ಗದರ್ಶಿ ವ್ಯಾಖ್ಯಾನಕ್ಕೆ ತೊಡಗಿದರು: ಆಂಟ್‌ವರ್ಪಿನ ವರ್ತಕನೊಬ್ಬನ ಮನೆಗಾಗಿ ಋತುಗಳನ್ನು ಕುರಿತು ಬರೆದ ಮಾಲಿಕೆಯಲ್ಲಿ ಇದೂ ಒಂದು, ಆ ಮಾಲಿಕೆಯಲ್ಲಿ ಇಂದು ಉಳಿದಿರುವುವು ಐದು, ಮೂರು ಇದೇ ಕೊಠಡಿಯಲ್ಲಿವೆ, ಒಂದು ಪ್ರಾಗ್ ನಗರದಲ್ಲಿ, ಒಂದು ನ್ಯೂಯಾರ್ಕಿನಲ್ಲಿ. ಬೆಳಗ್ಗೆ ಇದೇ ಮಾಹಿತಿ ನಮ್ಮ ಕಿವಿಯ ಮೇಲೆ ಬಿದ್ದಿತ್ತು, ಜಾರಿಹೋಗಿತ್ತು. ಈಗ ತಂಡವೆಲ್ಲ ಎದ್ದು ಉಳಿದೆರಡು ಚಿತ್ರಗಳನ್ನು ಹುಡುಕಿಕೊಂಡು ಹೋಯಿತು.

ಲೋಕೋಪಯೋಗಿ ಇಲಾಖೆಯಿಂದ ನಿವೃತ್ತರಾದ ಇಂಜಿನಿಯರರೊಬ್ಬರು 1563ರ ‘ಬಾಬೆಲ್ ಗೋಪುರ’ದ ಮುಂದೆ ನಿಂತು, ಒಳಗೆ ಆಳು ನಡೆದು ತಿರುಗಿಸುವ ಚಕ್ರದಿಂದ ಕಲ್ಲನ್ನೆತ್ತುವ ಯಂತ್ರದ ಕೆಲಸವನ್ನು ವಿವರಿಸಿದುದನ್ನೂ, ಗೋಪುರ ಒಂದು ಪಕ್ಕಕ್ಕೆ ವಾಲಿರುವುದನ್ನು ಮೊದಲು ಕಂಡವರು ಅವರೇ ಎಂಬುದನ್ನೂ ಇಲ್ಲಿ ವಿಸ್ತರಿಸಲು ಹೋಗುವುದಿಲ್ಲ. ನಾನು ಹೇಳಬೇಕೆಂದಿರುವುದು ಇಷ್ಟೇ: ಏಕಾಂಗಿಯಾಗಿ ಆ ಕೊಠಡಿಗೆ ಹೋಗಿದ್ದರೆ ನಾನು ನನ್ನ ಒಂದು ಜೊತೆ ಕಣ್ಣಿನಿಂದ, ಪುಸ್ತಕ ಓದಿ ಓದಿ ಒಂದೇ ಬಗೆಯ ನೋಟಕ್ಕೆ ಪಳಗಿದ ಕಣ್ಣಿನಿಂದ, ನೋಡಿ ಬರುತ್ತಿದ್ದೆ. ಬಡಿಸಿದ ಕೈಯ ಅನುಭವ, ಬೇಟೆ ಕಂಡವರ ಅನುಭವ, ಕಟ್ಟಡ ಕಟ್ಟಿದವರ ಅನುಭವ ನನ್ನಲ್ಲಿಲ್ಲ. ತಂಡವೆಂದರೆ ಬಸ್ಸಿನ ಖರ್ಚನ್ನು ಹಂಚಿಕೊಳ್ಳುವ ಉಪಾಯವಲ್ಲ. ಅದು ಬೇರೆ ಬೇರೆ ಕಸುಬುಗಳು ಬೇರೆ ಬೇರೆಯಾಗಿ ಹದಮಾಡಿದ ಇಪ್ಪತ್ತೆರಡು ಜೊತೆ ಕಣ್ಣು. ಇಷ್ಟು ದೊಡ್ಡ ಸಂಪತ್ತನ್ನು ಕೈಯಲ್ಲಿಟ್ಟುಕೊಂಡು ಒಂದೇ ಬಾಯಿಯ ಮಾತನ್ನು ಇಪ್ಪತ್ತೆರಡು ಕಿವಿಗಳಿಗೆ ಹಂಚುವ ವ್ಯವಸ್ಥೆಯನ್ನು ನಾವು ರೂಢಿಸಿಕೊಂಡಿರುವುದು ದೊಡ್ಡ ಅಪವ್ಯಯ.

ಮಾರ್ಗದರ್ಶಿಯ ವಿದ್ಯೆಯನ್ನು ನಾನು ಕಡೆಗಣಿಸುತ್ತಿಲ್ಲ. ಆಸ್ಟ್ರಿಯಾದಲ್ಲಿ ಆ ವೃತ್ತಿ ಕಾನೂನಿನ ಕಟ್ಟಿಗೊಳಪಟ್ಟದ್ದು. ತರಬೇತಿ ಪಡೆದು, ಪರೀಕ್ಷೆಯಲ್ಲಿ ತೇರ್ಗಡೆಯಾದವರು ಮಾತ್ರ ಆ ಕೆಲಸವನ್ನು ಕೈಗೊಳ್ಳಬಹುದು. ನಮ್ಮೊಡನೆ ಬಂದಾಕೆಗೆ ಚರಿತ್ರೆಯೂ ಕಲೆಯೂ ಕರತಲಾಮಲಕವಾಗಿದ್ದುವು. ಆಕೆಯ ಕೈ ಕಟ್ಟಿಹಾಕಿದ್ದುದು ಕಾರ್ಯಕ್ರಮಪಟ್ಟಿ. ಒಂದು ದಿನದಲ್ಲಿ ಹನ್ನೊಂದು ಸ್ಥಳಗಳನ್ನು ತೋರಿಸಬೇಕಾದವರು ಕಥೆಗಳಿಗೆ ಶರಣು ಹೋಗದೆ ಮತ್ತೇನು ಮಾಡಿಯಾರು? ಕಥೆಗೆ ಸಮಯ ಬೇಡ, ಕಾಣ್ಕೆಗೆ ಬೇಕು. ಒಪೆರಾ ಭವನದ ಮುಂದೆ ನಮಗೆ ಹೇಳಲ್ಪಟ್ಟದ್ದು, ಅದರ ಶಿಲ್ಪಿಗಳಲ್ಲೊಬ್ಬನಾದ ಫಾನ್ ಡೆರ್ ನ್ಯೂಲ್ ಜನರ ಟೀಕೆಯ ನಡುವೆ 1868ರಲ್ಲಿ ಆತ್ಮಹತ್ಯೆ ಮಾಡಿಕೊಂಡನೆಂಬುದು, ಜೊತೆಗಾರನಾದ ಸಿಕಾರ್ಡ್ಸ್‌ಬುರ್ಗ್ ಕೆಲವೇ ವಾರಗಳಲ್ಲಿ ತೀರಿಕೊಂಡನೆಂಬುದು, ಮರುವರ್ಷ ಭವನ ತೆರೆದಾಗ ಇಬ್ಬರೂ ಇರಲಿಲ್ಲವೆಂಬುದು. ಮನ ಕಲಕುವ ಸಂಗತಿ, ಸತ್ಯವೂ ಹೌದು. ಆದರೆ ಯಾವ ಕಟ್ಟಡಕ್ಕಾಗಿ ಅವರು ಜೀವ ತೇದರೋ ಆ ಕಟ್ಟಡದ ಕಮಾನುಗಳನ್ನು ನಾವು ಎಣಿಸಲೂ ಇಲ್ಲ. ಸತ್ತವರಿಗೆ ನಾವು ಸಲ್ಲಿಸಬಹುದಾಗಿದ್ದ ಗೌರವ ಆ ನೋಟವೊಂದೇ ಆಗಿತ್ತು.

ವಿಯೆನ್ನಾದಲ್ಲಿ ಬಸ್ಸಿನಲ್ಲಿ ಕುಳಿತು ನೋಡಿದ ಮಾತ್ರಕ್ಕೆ ತಪ್ಪು ತಿಳಿವಳಿಕೆ ಹುಟ್ಟಿಸುವ ವಸ್ತುವೆಂದರೆ ರಿಂಗ್‌ಸ್ಟ್ರಾಸೆ ಎಂಬ ವರ್ತುಲಬೀದಿ. 1857ರಲ್ಲಿ ಚಕ್ರವರ್ತಿ ಹಳೆಯ ಕೋಟೆಗೋಡೆಗಳನ್ನು ಕೆಡವಲು ಅಪ್ಪಣೆಯಿತ್ತನು. 1865ರ ಮೇ 1ರಂದು ಬೀದಿಯ ಉದ್ಘಾಟನೆಯಾಯಿತು. ಕೋಟೆಯ ಬಯಲನ್ನು ನಿವೇಶನಗಳಾಗಿ ಮಾರಿ ಬಂದ ಹಣದಿಂದ ಸಾರ್ವಜನಿಕ ಭವನಗಳು ಎದ್ದುವು. ಪ್ರಜಾಸತ್ತೆಯ ತವರು ಗ್ರೀಸೆಂದು ಪಾರ್ಲಿಮೆಂಟನ್ನು ಹಾನ್ಸನ್ ಗ್ರೀಕ್ ದೇಗುಲದಂತೆ ಕಟ್ಟಿದನು. ಮಧ್ಯಯುಗದ ಸ್ವತಂತ್ರ ಪೌರರ ನೆನಪಿಗೆ ಷ್ಮಿಟ್ ನಗರಸಭಾಭವನವನ್ನು ಗಾಥಿಕ್ ಶೈಲಿಯಲ್ಲಿ ಕಟ್ಟಿದನು. ವಿದ್ಯೆಯ ಪುನರುಜ್ಜೀವನಕ್ಕೆಂದು ಫೆರ್ಸ್ಟಲ್ ವಿಶ್ವವಿದ್ಯಾನಿಲಯಕ್ಕೆ ರೆನೆಸಾನ್ಸಿನ ರೂಪವಿತ್ತನು. ಚಲಿಸುವ ಬಸ್ಸಿನ ಕಿಟಕಿಯಿಂದ ಇವೆಲ್ಲವೂ ಪ್ರಾಚೀನವಾಗಿಯೇ ಕಾಣುತ್ತವೆ. ಇವು ಮೂರೂ ಎದ್ದದ್ದು ಹತ್ತು ಹನ್ನೆರಡು ವರ್ಷಗಳ ಅಂತರದಲ್ಲಿ ಎಂಬುದು ಇಳಿದು ನಡೆದವನಿಗೆ ಮಾತ್ರ ಮನಸ್ಸಿಗೆ ತಾಗುವುದು. ಬೇರೆಯವರ ಕಾಲದ ಉಡುಪನ್ನು ತೊಟ್ಟ ಈ ನಗರದಲ್ಲಿ ತರುಣ ಕಲಾವಿದರಿಗೆ ಉಸಿರು ಕಟ್ಟಿದಂತಾದುದು ಏಕೆಂದೂ, 1898ರಲ್ಲಿ ಚಿನ್ನದ ಎಲೆಗಳ ಗುಮ್ಮಟವನ್ನಿಟ್ಟು ‘ಸೆಸೆಷನ್’ ಎಂಬ ತಮ್ಮದೇ ಮನೆಯನ್ನು ಅವರು ಕಟ್ಟಿಕೊಂಡುದು ಏಕೆಂದೂ ಅರ್ಥವಾಗಬೇಕಾದರೆ ಆ ಬೀದಿಯನ್ನು ಒಂದಿಷ್ಟಾದರೂ ಕಾಲಿನಿಂದ ಅಳೆಯಬೇಕು.

ಇನ್ನು ಲೋಸನ ಗೋಡೆಗೆ ಮರಳುತ್ತೇನೆ. ಊರಿಗೆ ಹೊರಡುವ ಮುನ್ನಾದಿನ ನಾವು ನಾಲ್ವರು ಮಧ್ಯಾಹ್ನದ ಖರೀದಿಯ ವೇಳೆಯನ್ನು ಬಿಟ್ಟುಕೊಟ್ಟು ಆ ಚೌಕಕ್ಕೆ ಮತ್ತೆ ಹೋದೆವು. ಮೇಲಿನ ಅಂತಸ್ತುಗಳು ಬೋಳಾಗಿರುವುದು ನಿಜ. ಕಟ್ಟುವಾಗಲೇ ಗದ್ದಲವೆದ್ದು, ನಗರಾಡಳಿತ ಕೆಲಸವನ್ನು ತಡೆದು, ಕಡೆಗೆ ಕಿಟಕಿಗಳಿಗೆ ಹೂವಿನ ತೊಟ್ಟಿಗಳನ್ನಿಡುವ ರಾಜಿಯ ಮೇಲೆ ಅನುಮತಿ ದೊರೆಯಿತು. ಆ ತೊಟ್ಟಿಗಳಲ್ಲಿ ಇಂದಿಗೂ ಹೂಗಳಿವೆ. ಆದರೆ ಕೆಳಗಿನ ಅಂತಸ್ತು? ಗ್ರೀಸಿನ ಯೂಬಿಯಾ ದ್ವೀಪದಿಂದ ತರಿಸಿದ ಚಿಪೊಲಿನೋ ಎಂಬ ಅಮೃತಶಿಲೆಯ ಕಂಬಗಳು ಮತ್ತು ಹಾಸುಗಳು; ಬೂದು ಮಿಶ್ರಿತ ಹಸಿರಿನ ಮೇಲೆ ನೀರಿನ ತೆರೆಯಂತೆ ಹರಿಯುವ ಗೆರೆಗಳು. ಅಂಗೈಯನ್ನಿಟ್ಟರೆ ತಣ್ಣಗೆ, ಕನ್ನಡಿಯಂತೆ ನುಣುಪು. ಉಳಿಯ ಗುರುತು ಎಲ್ಲಿಯೂ ಇಲ್ಲ. ಆದರೂ ಆ ಗೋಡೆ ಅಲಂಕೃತವಲ್ಲವೆಂದು ಹೇಳಲು ನನ್ನ ನಾಲಗೆ ಏಳಲಿಲ್ಲ.

ಅಲಂಕಾರವನ್ನು ಅಪರಾಧದೊಡನೆ ಜೋಡಿಸಿ ಪ್ರಸಿದ್ಧ ಉಪನ್ಯಾಸವೊಂದನ್ನು ಮಾಡಿದವನು ಈ ಲೋಸ್. ಬೇಲೂರು ಹಳೇಬೀಡುಗಳ ಭಿತ್ತಿಗಳನ್ನು ಬಾಲ್ಯದಿಂದ ಕಂಡು ಬೆಳೆದ ಕನ್ನಡಿಗನಿಗೆ, ಕಾವ್ಯಕ್ಕೆ ಅಲಂಕಾರ ಬೇಕೆಂದು ‘ಕವಿರಾಜಮಾರ್ಗ’ದಷ್ಟು ಹಿಂದೆಯೇ ಶಾಸ್ತ್ರ ಬರೆದುಕೊಂಡ ಭಾಷೆಯವನಿಗೆ, ಆ ವಾದ ನೇರವಾದ ಸವಾಲು. ಆತನ ವಾದದ ಒಂದು ಭಾಗ, ಪಪುವಾದ ಜನರು ಮೈಮೇಲೆ ಹಚ್ಚೆ ಹಾಕಿಕೊಳ್ಳುವುದನ್ನು ತೋರಿಸಿ ಅಲಂಕಾರಪ್ರಿಯರೆಲ್ಲ ನಾಗರಿಕತೆಯ ಕೆಳಮೆಟ್ಟಿಲಿನಲ್ಲಿರುವರೆಂದು ಸಾಧಿಸುವ ಭಾಗ, ಆ ಕಾಲದ ಯುರೋಪಿನ ಅಹಂಕಾರವಲ್ಲದೆ ಬೇರಲ್ಲ. ಅದನ್ನು ನಿರಾಕರಿಸಲು ನನಗೆ ಸಂಕೋಚವಿಲ್ಲ. ಇನ್ನೊಂದು ಭಾಗ ಹಾಗೆ ತಳ್ಳಿಹಾಕತಕ್ಕದ್ದಲ್ಲ: ಬೇಡದ ಕುಸುರಿಗಾಗಿ ಕೆಲಸಗಾರನ ಶ್ರಮ ಪೋಲಾಗುವುದು, ಆ ಶ್ರಮಕ್ಕೆ ತಕ್ಕ ಕೂಲಿ ಅವನಿಗೆ ಸಿಗದಿರುವುದು. ಆ ಗೋಡೆಯ ಮುಂದೆ ನಿಂತಿದ್ದಾಗ ನನಗೆ ಹೊಳೆದುದು ಬೇರೊಂದು ಸಂಗತಿ. ಹೊಯ್ಸಳ ಶಿಲ್ಪಿಯ ಕೈಗೆ ಬಂದುದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೃದುವಾಗಿ, ಉಳಿಯ ಮೊನೆಗೆ ಒಲಿದು, ಸರದ ಮಣಿಮಣಿಯನ್ನೂ ಕೊರೆಯಗೊಡುವ ಕಲ್ಲು. ಲೋಸನ ಕೈಗೆ ಬಂದುದು ಭೂಗರ್ಭವೇ ಚಿತ್ರ ಬರೆದಿಟ್ಟ ಶಿಲೆ. ಅದರ ಮೇಲೆ ಉಳಿಯಿಡುವುದೆಂದರೆ ಬರೆದ ಚಿತ್ರವನ್ನು ಅಳಿಸಿದಂತೆ. ಒಬ್ಬನು ಕೆತ್ತಿ, ಇನ್ನೊಬ್ಬನು ಕೆತ್ತದೆ ಉಳಿದು, ಇಬ್ಬರೂ ಕಲ್ಲಿನ ಮಾತನ್ನೇ ಕೇಳಿದರು. ಈ ನಿರ್ಣಯ ತಪ್ಪಿರಬಹುದು. ಆದರೆ ಇದು ನನ್ನದು, ನನ್ನೂರಿನ ಕಣ್ಣಿನಿಂದ ವಿಯೆನ್ನಾದ ಕಲ್ಲನ್ನು ಮುಟ್ಟಿ ಪಡೆದದ್ದು. ಚಕ್ರವರ್ತಿಯ ಪರದೆಯ ಕಥೆ ಯಾವ ಕೈಪಿಡಿಯಲ್ಲಿಯೂ ಸಿಗುವುದು. ಇದು ಅಲ್ಲಿ ನಿಂತುದರಿಂದ ಸಿಕ್ಕಿತು.

ಪಟ್ಟಿಗಳು ಬಿಟ್ಟುಬಿಡುವ ವಿಯೆನ್ನಾ ಒಂದಿದೆ. ಅದನ್ನು ಹೇಳದಿದ್ದರೆ ಅನ್ಯಾಯವಾದೀತು. ಅರಮನೆಗಳ ನಗರವೆಂದು ನಮಗೆ ತೋರಿಸಲ್ಪಡುವ ಈ ರಾಜಧಾನಿ, ಸಾಮ್ರಾಜ್ಯ ಕುಸಿದ ಬಳಿಕ ಕೂಲಿಕಾರರಿಗೆ ಮನೆ ಕಟ್ಟಿದ ನಗರವೂ ಹೌದು. 1923ರಲ್ಲಿ ನಗರಸಭೆ ವಸತಿ ನಿರ್ಮಾಣದ ತೆರಿಗೆಯನ್ನು ವಿಧಿಸಿತು. ದೊಡ್ಡ ಮನೆಗಳ ಮೇಲೆ ಹೆಚ್ಚು ಭಾರ, ಸಣ್ಣ ಮನೆಗಳ ಮೇಲೆ ಅತ್ಯಲ್ಪ. 1934ರೊಳಗೆ 60,000ಕ್ಕೂ ಮಿಕ್ಕಿ ವಸತಿಗಳು ಎದ್ದುವು. ಅವುಗಳಲ್ಲಿ ಪ್ರಸಿದ್ಧವಾದ ಕಾರ್ಲ್ ಮಾರ್ಕ್ಸ್ ಹೋಫ್, ಕಾರ್ಲ್ ಏನ್ ಎಂಬ ಶಿಲ್ಪಿಯ ಯೋಜನೆಯಂತೆ 1927ರಿಂದ 1930ರವರೆಗೆ ನಿರ್ಮಿತವಾಗಿ, ಒಂದು ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಹಬ್ಬಿ, 1,382 ಮನೆಗಳನ್ನೊಳಗೊಂಡಿತು. ಮನೆಗಳು ಚಿಕ್ಕವು, ಆದರೆ ನಡುವಿನ ಅಂಗಳಗಳು ವಿಶಾಲ, ಬಟ್ಟೆ ಒಗೆಯುವ ಸಾಮೂಹಿಕ ಕೋಣೆ, ಸ್ನಾನಗೃಹ, ಶಿಶುವಿಹಾರ, ಗ್ರಂಥಾಲಯ ಎಲ್ಲವೂ ಅಲ್ಲಿಯೇ. 1934ರ ಫೆಬ್ರವರಿಯ ಅಂತರ್ಯುದ್ಧದಲ್ಲಿ ಸರ್ಕಾರದ ಪಡೆಗಳು ಈ ಮನೆಗಳ ಮೇಲೆಯೇ ತೋಪು ಹಾರಿಸಿದುವು. ಮೆಟ್ರೋ ರೈಲಿನ ಒಂದು ಟಿಕೆಟ್ಟಿನಲ್ಲಿ ಹೈಲಿಗೆನ್‌ಷ್ಟಾಟ್ ನಿಲ್ದಾಣದಲ್ಲಿ ಇಳಿದರೆ ಇದಿರಿಗೇ ಅದರ ಕೆಂಬಣ್ಣದ ಕಮಾನುಗಳು, ಪ್ರವೇಶಧನವಿಲ್ಲ. ಅಲ್ಲಿಗೂ ಹೋದ ನಮ್ಮ ನಾಲ್ವರಲ್ಲಿ ತೀರ್ಥಹಳ್ಳಿಯ ಆ ಹಿರಿಯರೂ ಇದ್ದರು. ಅಂಗಳದ ಹುಲ್ಲಿನ ಪಕ್ಕದ ಕಲ್ಲುಬೆಂಚಿನ ಮೇಲೆ ಕುಳಿತು, ಮೇಲಿನ ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದ ಮುದುಕಿಯೊಬ್ಬಳಿಗೆ ಅವರು ಕೈ ಬೀಸಿದರು, ಆಕೆಯೂ ಬೀಸಿದಳು. ಷೋನ್‌ಬ್ರುನ್ ಅರಮನೆಯ ಕೋಣೆಗಳಲ್ಲಿ ಇಂತಹದೊಂದು ಸಂಗತಿ ನಡೆಯಲು ಸಾಧ್ಯವಿರಲಿಲ್ಲ. ಮನುಷ್ಯರು ವಾಸಿಸುವ ವಾಸ್ತುಕಲೆಯನ್ನು ಬಿಟ್ಟು, ವಾಸಿಸುವುದನ್ನು ನಿಲ್ಲಿಸಿದ ವಾಸ್ತುಕಲೆಯನ್ನಷ್ಟೇ ತೋರಿಸುವ ಪ್ರವಾಸ ನಗರದ ಅರ್ಧವನ್ನು ಮುಚ್ಚಿಡುತ್ತದೆ.

ಕಡಿಮೆ ಸ್ಥಳಗಳನ್ನು ಹೆಚ್ಚು ಹೊತ್ತು ನೋಡಬೇಕೆಂಬ ಮಾತಿಗೆ ಆಕ್ಷೇಪಗಳುಂಟು. ಇಷ್ಟು ಹಣ ತೆತ್ತು ಇಷ್ಟು ದೂರ ಬಂದವರು ಇನ್ನೊಮ್ಮೆ ಬರಲಾರರು. ಎಲ್ಲವನ್ನೂ ಒಮ್ಮೆ ಕಣ್ಣಿಂದ ಹಾಯಿಸಿಕೊಂಡು ಹೋಗಲೆಂಬುದು ಅವರ ನ್ಯಾಯವಾದ ಆಸೆಯಲ್ಲವೇ ಎಂದು ಸಂಘಟಕರು ಕೇಳುತ್ತಾರೆ. ಆಸೆ ನ್ಯಾಯವಾದುದೇ. ಆದರೆ ಇನ್ನೊಮ್ಮೆ ಬರಲಾರೆವೆಂಬ ಕಾರಣಕ್ಕಾಗಿಯೇ ಕಂಡದ್ದು ಮನಸ್ಸಿನಲ್ಲಿ ಉಳಿಯುವಂತೆ ಕಾಣಬೇಡವೇ? ಹನ್ನೊಂದು ಸ್ಥಳ ನೋಡಿದ ಆ ದಿನದಿಂದ ನಮ್ಮಲ್ಲಿ ಬಹುಮಂದಿಗೆ ಉಳಿದದ್ದು ಕಾಲುನೋವು ಮತ್ತು ಫೋಟೋಗಳು. ಬಸ್ಸು ಕೆಟ್ಟ ಎರಡು ಗಂಟೆಯಿಂದ ಉಳಿದದ್ದನ್ನು ನಮ್ಮ ತಂಡದವರು ಈಗಲೂ ದೂರವಾಣಿಯಲ್ಲಿ ಮಾತಾಡಿಕೊಳ್ಳುತ್ತಾರೆ. ವಯಸ್ಸಾದವರಿಗೆ ಕೂಡ ಹನ್ನೊಂದು ಕಡೆ ಹತ್ತಿ ಇಳಿಯುವುದಕ್ಕಿಂತ ಒಂದು ಕಡೆ ಕುಳಿತು ನೋಡುವುದು ಹಿತ.

ವ್ಯಾಖ್ಯಾನವೇ ಬೇಡವಾದ ಸ್ಥಳಗಳೂ ಉಂಟೆಂಬುದನ್ನು ನಮ್ಮ ಮಾರ್ಗದರ್ಶಿಯಿಂದಲೇ ಕಲಿತೆ. ಯೂಡೆನ್‌ಪ್ಲಾಟ್ಸ್ ಎಂಬ ಚೌಕದಲ್ಲಿ ನಾಜಿಗಳ ಕೈಯಲ್ಲಿ ಹತರಾದ 65,000 ಆಸ್ಟ್ರಿಯದ ಯಹೂದ್ಯರ ಸ್ಮಾರಕವಿದೆ. ಇಂಗ್ಲೆಂಡಿನ ಶಿಲ್ಪಿ ರೇಚಲ್ ವೈಟ್‌ರೀಡ್ ರಚಿಸಿದ್ದು, 2000ದಲ್ಲಿ ಅನಾವರಣಗೊಂಡದ್ದು. ಕಾಂಕ್ರೀಟಿನ ಗ್ರಂಥಭಂಡಾರ ಅದು. ಪುಸ್ತಕಗಳ ಬೆನ್ನು ಒಳಗಡೆಗೆ ತಿರುಗಿರುವುದರಿಂದ ಒಂದರ ಹೆಸರೂ ಓದಲಾಗದು. ಬಾಗಿಲುಗಳಿಗೆ ಹಿಡಿಯಿಲ್ಲ, ತೆರೆಯಲಾಗದು. ಪೀಠದ ಸುತ್ತ ಅವರನ್ನು ಕೊಂದ ಊರುಗಳ ಹೆಸರುಗಳಿವೆ. ಆಕೆ ಅಲ್ಲಿ ಇಷ್ಟು ಹೇಳಿ ಕೊಡೆಯನ್ನು ಮಡಿಸಿ ಪಕ್ಕಕ್ಕೆ ನಿಂತರು. ಯಾರೂ ಫೋಟೋ ತೆಗೆಯಲಿಲ್ಲ. ನಮ್ಮ ತಂಡದಲ್ಲಿದ್ದ ಮೇಷ್ಟರೊಬ್ಬರು ಪೀಠದ ಸುತ್ತ ನಡೆದು ಆ ಹೆಸರುಗಳನ್ನು ಒಂದೊಂದಾಗಿ ಮೆಲುದನಿಯಲ್ಲಿ ಓದಿದರು.

ಮುಂದಿನ ವರ್ಷ ಇಂತಹ ಪ್ರವಾಸಕ್ಕೆ ಹೆಸರು ಕೊಡಲಿರುವ ಓದುಗರಲ್ಲಿ ನನ್ನದೊಂದು ಪ್ರಾರ್ಥನೆಯಿದೆ. ಸಂಘಟಕರು ಕಾರ್ಯಕ್ರಮಪಟ್ಟಿಯನ್ನು ಕೈಗಿತ್ತಾಗ ಎಷ್ಟು ಸ್ಥಳಗಳಿವೆಯೆಂದು ಎಣಿಸಬೇಡಿ. ಪ್ರತಿಯೊಂದಕ್ಕೂ ಎಷ್ಟು ಹೊತ್ತಿದೆಯೆಂದು ಕೇಳಿ, ಜೊತೆಯವರನ್ನೂ ಕೇಳುವಂತೆ ಮಾಡಿ, ದಿನಕ್ಕೆ ಐದಾರು ಸ್ಥಳಗಳನ್ನು ಹೊಡೆದುಹಾಕಿಸಿ. ವಿಯೆನ್ನಾಕ್ಕೆ ಹೋಗುವವರಾದರೆ ಬ್ರೂಗೆಲನ ಕೊಠಡಿಗೆ ಎರಡು ಗಂಟೆಯನ್ನು ಬರೆಯಿಸಿಕೊಳ್ಳಿ. ಅಲ್ಲಿ ಕೂರಲು ಬೆಂಚುಗಳಿವೆ.